ಗಾಲಿಗಳ ಮೇಲೊಂದು ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು, ಕಟ್ಟಿದ ಮನೆ ಕಟ್ಟಿದಲ್ಲಿಯೇ ನಿಲ್ಲುತ್ತದೆಂದು ನಂಬಿದ್ದವರು. ನಾನೂ ಹಾಗೆಯೇ ನಂಬಿದ್ದೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತಾರು ವರ್ಷ ಇಂಜಿನಿಯರನಾಗಿದ್ದು ಶಾಲೆ, ಆಸ್ಪತ್ರೆ, ಪ್ರವಾಸಿ ಮಂದಿರಗಳ ಗೋಡೆಗಳನ್ನು ಎಬ್ಬಿಸಿದವನು ನಾನು. ಅವುಗಳಲ್ಲಿ ಕೆಲವು ಸೋರಿದ್ದುಂಟು, ಕೆಲವು ಬಿರಿದದ್ದುಂಟು. ಎದ್ದು ಹೊರಟುಹೋದದ್ದು ಮಾತ್ರ ಒಂದೂ ಇಲ್ಲ. ಆದರೆ 2023ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿರುವ ನನ್ನ ತಮ್ಮನ ಮನೆಗೆ ಹೋಗಿದ್ದಾಗ, ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಓಡಬೇಕಾದ ಗೋಡೆಯೊಂದರ ವಿಷಯದಲ್ಲಿ ನಾನು ತೀರ್ಪು ಹೇಳಬೇಕಾಗಿ ಬಂತು. ಆ ತೀರ್ಪಿನ ಹಿಂದುಮುಂದನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ತಮ್ಮ ಆ ದೇಶದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು. ಅವನ ಹೆಂಡತಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಳು. ಹತ್ತು ವರ್ಷಗಳಿಂದ ಅವಳನ್ನು ಸಂಧಿವಾತ ಹಿಡಿದಿದೆ. ಬೆಳಗ್ಗೆ ಎದ್ದರೆ ಹತ್ತು ಗಂಟೆಯವರೆಗೆ ಬೆರಳುಗಳು ಮಡಿಸಲು ಬಾರವು; ಮಂಡಿಗಳದು ಬೇರೆಯದೇ ಹಟ. ಕಾರಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಕೂರಲಾರಳು. ಹೋಟೆಲಿನ ಮಂಚ ಒಂದು ಕಡೆ ಎತ್ತರವಾದರೆ ಇನ್ನೊಂದು ಕಡೆ ತಗ್ಗು. ವಾರಕ್ಕೊಮ್ಮೆ ಚುಚ್ಚಿಕೊಳ್ಳಬೇಕಾದ ಔಷಧವನ್ನು ಸದಾ ತಂಪಿನಲ್ಲಿಡಬೇಕು. "ಮೂವತ್ತು ವರ್ಷ ಈ ದೇಶದಲ್ಲಿದ್ದೇನೆ ಭಾವ, ನಾನು ನೋಡಿದ್ದು ಮನೆಗೂ ಆಸ್ಪತ್ರೆಗೂ ನಡುವಣ ಹನ್ನೆರಡು ಮೈಲಿ" ಎಂದಳು, ನಗುತ್ತಲೇ. ಬೇಕೆಂದಾಗ ಮಲಗಬಹುದಾದ, ತನ್ನದೇ ಬಚ್ಚಲು, ತನ್ನದೇ ಒಲೆ ಇರುವ ವಾಹನವೊಂದಿದ್ದರೆ ಆ ದೇಶವನ್ನು ಒಮ್ಮೆ ಸುತ್ತಿ ಬರಬಹುದೆಂಬುದು ದಂಪತಿಗಳ ಆಸೆ. ಅದನ್ನೇ ಅಲ್ಲಿ ಮೋಟಾರ್‌ಹೋಮ್ ಎನ್ನುತ್ತಾರೆ. ನಾನು ಮೋಟಾರು ಮನೆ ಎನ್ನುತ್ತೇನೆ.

ಈ ಮೋಟಾರು ಮನೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿದರೆ ಮುಂದಿನ ಜಗಳ ಅರ್ಥವಾದೀತು. ತಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು: ಹೆದ್ದಾರಿಯಲ್ಲಿ ಮೈಯಿಲ್ಲದ ಲಾರಿಗಳು ಸಾಲಾಗಿ ಹೋಗುತ್ತಿದ್ದುವು. ಬರಿಯ ಛಾಸಿ, ನಾಲ್ಕು ಗಾಲಿ, ಮುಂದೊಂದು ಇಂಜಿನ್ನು. ಮರದ ಹಲಗೆಯ ಮೇಲೆ, ತಲೆಗೆ ಟವಲು ಸುತ್ತಿ ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತ ಡ್ರೈವರು. ಕಾರ್ಖಾನೆಯಲ್ಲಿ ಹುಟ್ಟಿದ ಛಾಸಿಗೆ ನಾಮಕ್ಕಲ್ಲಿನಲ್ಲಿಯೋ ಮತ್ತೆಲ್ಲಿಯೋ ಬಾಡಿ ಕಟ್ಟುತ್ತಿದ್ದರು. ನಮ್ಮ ಕೆಂಪು ಬಸ್ಸುಗಳಿಗೆ ಸಾರಿಗೆ ಸಂಸ್ಥೆಯ ಕಾರ್ಯಾಗಾರಗಳಲ್ಲಿಯೇ ಬಾಡಿ ಕಟ್ಟುವ ಪದ್ಧತಿ ಇತ್ತು. ಅಮೆರಿಕದ ಮೋಟಾರು ಮನೆಯದೂ ಇದೇ ಜನ್ಮಕಥೆ. ತಮ್ಮ ನೋಡಿದ್ದ ಮಧ್ಯಮ ಗಾತ್ರದ ಸಿ ದರ್ಜೆಯ ವಾಹನಕ್ಕೆ ಫೋರ್ಡ್ ಕಂಪೆನಿಯ ಇ-450 ಛಾಸಿ ಆಧಾರ. ಅದು ಬರುವಾಗ ಮುಂದೆ ಡ್ರೈವರನ ಕೋಣೆ, ಹಿಂದೆ ಬೋಳು ಚೌಕಟ್ಟು. ಅದನ್ನು ಕೊಂಡ ಇನ್ನೊಂದು ಕಂಪೆನಿ ಅದರ ಮೇಲೆ ನೆಲ, ಗೋಡೆ, ಮಾಡು, ಅಡಿಗೆಮನೆ, ಬಚ್ಚಲುಗಳನ್ನು ಕೂರಿಸುತ್ತದೆ. ಒಲೆ ಮೂರನೆಯವರದು, ಶೀತಪೆಟ್ಟಿಗೆ ನಾಲ್ಕನೆಯವರದು. ಇವೆಲ್ಲವನ್ನೂ ಗ್ರಾಹಕನಿಗೆ ತಲುಪಿಸುವವನು ಡೀಲರು. ಹೀಗೆ ಒಂದು ವಾಹನಕ್ಕೆ ತಂದೆಯರು ಹಲವರು. ನಡೆಯುವಾಗ ಎಲ್ಲರೂ ಮಗು ನನ್ನದೆನ್ನುತ್ತಾರೆ. ಬಿದ್ದಾಗ ಯಾರು ಎತ್ತಬೇಕೆಂಬುದೇ ಪ್ರಶ್ನೆ.

ತಮ್ಮನ ಮುಂದೆ ಎರಡು ದಾರಿಗಳಿದ್ದುವು. ಡೀಲರನ ಅಂಗಳದಲ್ಲಿ ಇಪ್ಪತ್ತೈದು ಅಡಿಯ ಹೊಸ ವಾಹನವೊಂದು ಸಿದ್ಧವಾಗಿ ನಿಂತಿತ್ತು. ಇವರಿಗೆ ಬೇಕಾದ ಕೆಲವು ಅನುಕೂಲಗಳು ಅದರಲ್ಲಿ ಇರಲಿಲ್ಲ: ಮಂಚದ ಪಕ್ಕದಲ್ಲಿ, ಬಚ್ಚಲಲ್ಲಿ ಅವಳು ಹಿಡಿದು ಏಳಲು ಗಟ್ಟಿಯಾದ ಹಿಡಿಗಂಬಿಗಳು, ವಿದ್ಯುತ್ತಿನ ಸೌಕರ್ಯವಿಲ್ಲದ ಕಾಡಿನಲ್ಲಿ ತಂಗಿದರೂ ಔಷಧದ ಶೀತಪೆಟ್ಟಿಗೆಯನ್ನು ರಾತ್ರಿಯೆಲ್ಲ ನಡೆಸುವ ಲಿಥಿಯಂ ಬ್ಯಾಟರಿ, ಅದಕ್ಕೆ ಹಗಲು ಮೇವು ಹಾಕುವ ಸೌರಫಲಕಗಳು. "ಅದಕ್ಕೇನಂತೆ, ಮೂರು ವಾರ ಕೊಡಿ, ಎಲ್ಲವನ್ನೂ ನಮ್ಮ ಷೆಡ್ಡಿನಲ್ಲೇ ಕೂರಿಸಿಕೊಡುತ್ತೇವೆ" ಎಂದಿದ್ದ ಡೀಲರು. ಎರಡನೆಯ ದಾರಿ, ಇವೆಲ್ಲವನ್ನೂ ಪಟ್ಟಿ ಮಾಡಿ ಕಾರ್ಖಾನೆಗೆ ಬರೆಸುವುದು. ಅದೂ ಡೀಲರನ ಮೂಲಕವೇ ಆಗಬೇಕು. ಮುಂಗಡ ಕೊಟ್ಟು ಏಳೆಂಟು ತಿಂಗಳು ಕಾಯಬೇಕು. ಅಷ್ಟರಲ್ಲಿ ಬೆಲೆ ಏರಿದರೆ ಏರಿದ್ದನ್ನು ತೆರಬೇಕಾದೀತು.

ತಮ್ಮನ ಮನಸ್ಸು ಮೂರು ವಾರದ ಕಡೆಗೆ. ಅವನು ಬಾಯಿಬಿಟ್ಟು ಹೇಳದಿದ್ದ ಕಾರಣವನ್ನು ಅವಳೇ ಹೇಳಿದಳು: "ಮುಂದಿನ ವರ್ಷ ಈ ಕೈಕಾಲು ಹೇಗಿರುತ್ತವೋ ಯಾರು ಕಂಡವರು, ಭಾವ?" ಇಬ್ಬರೂ ನನ್ನತ್ತ ನೋಡಿದರು. "ಅಣ್ಣ, ಜೀವಮಾನವೆಲ್ಲ ಟೆಂಡರು ನೋಡಿದವನು ನೀನು. ನೀನೇ ಹೇಳಿಬಿಡು" ಎಂದ ತಮ್ಮ. ಲಕ್ಷ ಡಾಲರಿಗೆ ಮೀರಿದ ಸರಕು. ಅವರ ಉಳಿತಾಯದ ದೊಡ್ಡ ಪಾಲು. ತೀರ್ಪು ತಪ್ಪಿದರೆ ಹಣ ಹೋಗುತ್ತದೆ. ತಡವಾದರೆ ಹೋಗುವುದು ಹಣಕ್ಕಿಂತ ದೊಡ್ಡದು.

ಡೀಲರನ ಔದಾರ್ಯಕ್ಕೆ ಕಾರಣವೇನೆಂದು ಮೊದಲು ನೋಡಿದೆ. ಅವನ ಅಂಗಳದಲ್ಲಿ ನಿಂತ ವಾಹನಗಳಿಗೆ ಸಾಮಾನ್ಯವಾಗಿ ಅವನು ಕೈಯಿಂದ ಹಣ ಕೊಟ್ಟಿರುವುದಿಲ್ಲ. ಸಾಲದ ಮೇಲೆ ತಂದು ನಿಲ್ಲಿಸಿರುತ್ತಾನೆ. ವಾಹನ ನಿಂತಷ್ಟು ದಿನವೂ ಬಡ್ಡಿ ಓಡುತ್ತದೆ. ಚಳಿಗಾಲ ಹತ್ತಿರ ಬಂದಂತೆ ಗಿರಾಕಿಗಳು ಕಡಿಮೆಯಾಗಿ ಈ ಓಟ ಅವನ ನಿದ್ದೆ ಕೆಡಿಸುತ್ತದೆ. ಸೆಪ್ಟೆಂಬರಿನಲ್ಲಿ ಆತ ಮೃದುವಾಗಿದ್ದುದು ಸಹಜವೇ. ಇದರಲ್ಲಿ ಮೋಸವೇನೂ ಇಲ್ಲ. ಗ್ರಾಹಕನಿಗೆ ಅದೊಂದು ಲಾಭವೂ ಹೌದು. ಬೆಲೆಯಲ್ಲಿ ಅವನು ಬಿಟ್ಟದ್ದು ಸಣ್ಣ ಮೊತ್ತವಲ್ಲ. ಆದರೆ ಗೋಡೆಗೆ ಹಾಕುವ ಸ್ಕ್ರೂಗೆ ಬಡ್ಡಿಯ ಲೆಕ್ಕ ತಿಳಿಯದು.

ನನ್ನ ಇಲಾಖೆಯ ಅನುಭವವೂ ಕಿವಿಯಲ್ಲಿ ಪಿಸುಗುಟ್ಟುತ್ತಿತ್ತು. ಸರ್ಕಾರಿ ಕಟ್ಟಡದ ಮೂಲ ಅಂದಾಜಿನಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಿದರೆ ಅದಕ್ಕೆ 'ಹೆಚ್ಚುವರಿ ಬಾಬು' ಎನ್ನುತ್ತಿದ್ದೆವು. ಕಟ್ಟಿ ಮುಗಿದ ಮೇಲೆ ಗೋಡೆ ಒಡೆದು ನಲ್ಲಿಯ ಕೊಳವೆ ಎಳೆಸಿದ್ದೇನೆ. ಒಡೆದ ಜಾಗಕ್ಕೆ ಎಷ್ಟು ನಯವಾಗಿ ಗಾರೆ ಮೆತ್ತಿದರೂ ಮೂರನೆಯ ಮಳೆಗಾಲಕ್ಕೆ ಅದು ತನ್ನ ಜಾತಕವನ್ನು ಹೊರಗೆಡಹುತ್ತದೆ. ಗುತ್ತಿಗೆದಾರ ಆಗ ಹೇಳುವ ಮಾತು ಒಂದೇ: "ಗೋಡೆ ನನ್ನದು ಸ್ವಾಮಿ, ಕೊಳವೆ ನನ್ನದಲ್ಲ."

ಇದೇ ಮಾತನ್ನು ನಾನು ಅಮೆರಿಕದಲ್ಲಿಯೂ ಕೇಳಿದೆ. ತಮ್ಮನ ಊರಿನ ಪರಿಚಿತರೊಬ್ಬರು ಎರಡು ವರ್ಷದ ಹಿಂದೆ ಇಂಥದೇ ವಾಹನ ಕೊಂಡು, ಕೊಳ್ಳುವಾಗಲೇ ಡೀಲರನಿಂದ ಮಾಡಿನ ಮೇಲೆ ಎರಡು ಸೌರಫಲಕಗಳನ್ನು ಹೆಚ್ಚಾಗಿ ಹಾಕಿಸಿದ್ದರು. ಫಲಕದ ಕಾಲುಗಳಿಗೆ ಕೊರೆದ ತೂತುಗಳಲ್ಲಿ ಯಾವುದೋ ಒಂದರ ಬಳಿ ಮೆತ್ತಿದ ಅಂಟು ಬಿರಿಯಿತು. ಹೆಂಚು ಒಡೆದರೆ ನೀರು ನಡುಮನೆಗೆ ತೊಟ್ಟಿಕ್ಕಿ ಎಚ್ಚರಿಸುತ್ತದೆ. ಇಲ್ಲಿ ಅದೂ ಇಲ್ಲ. ನೀರು ಮಾಡಿನಿಂದ ಗೋಡೆಯ ಪದರಗಳೊಳಕ್ಕೆ ಇಳಿದು ತಿಂಗಳುಗಟ್ಟಲೆ ಮೌನವಾಗಿ ಕುಳಿತಿತು. ಎರಡನೆಯ ಚಳಿಗಾಲ ಕಳೆಯುವಷ್ಟರಲ್ಲಿ ಹೊರಮೈ ಹಪ್ಪಳದಂತೆ ಉಬ್ಬಿತು. ಮನೆ ಕಟ್ಟಿದ ಕಂಪೆನಿ, ಮಾಡನ್ನು ಕೊರೆದವರು ನಾವಲ್ಲ ಎಂದಿತು. ಡೀಲರು, ಮಾಡಿನ ಅಂಟನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಮಾಲೀಕನ ಹೊಣೆಯೆಂದು ಕೈಪಿಡಿಯಲ್ಲಿಯೇ ಬರೆದಿದೆಯಲ್ಲ ಎಂದ. ಬರೆದಿರುವುದು ನಿಜ. ಆ ದೇಶದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯಿದೆ ಇದೆ. ಹೊರಗಿನವರ ಸಾಮಾನನ್ನು ಜೋಡಿಸಿದೆ ಎಂಬ ಒಂದೇ ನೆಪದಿಂದ ತಯಾರಕನು ತನ್ನ ವಾರಂಟಿಯನ್ನು ಅಲ್ಲಗಳೆಯುವಂತಿಲ್ಲ, ಆ ಜೋಡಣೆಯಿಂದಲೇ ಕೆಡುಕಾಯಿತೆಂದು ತೋರಿಸಬೇಕು. ಆದರೆ ಇಲ್ಲಿ ಕೆಡುಕಾದದ್ದು ಆ ತೂತಿನಿಂದಲೇ! ಕಾಯಿದೆ ಅವರ ಪಾಲಿಗೆ ಬಾಗಿಲಲ್ಲಿಯೇ ನಿಂತಿತು.

ನಾವು ಮೂವರೂ ಒಂದು ದಿನ ಇಂಡಿಯಾನಾ ರಾಜ್ಯದ ಎಲ್ಕಾರ್ಟಿಗೆ ಹೊರಟೆವು. ಅವಳಿಗಾಗಿ ದಾರಿಯಲ್ಲಿ ಐದು ಕಡೆ ನಿಂತೆವು. ಆ ಊರು, ಅದರ ಸುತ್ತಣ ಸೀಮೆ ಈ ಉದ್ಯಮದ ತವರು. ಅಮೆರಿಕದ ಇಂಥ ವಾಹನಗಳ ಬಹುಪಾಲು ಅಲ್ಲಿಯೇ ತಯಾರಾಗುತ್ತವೆ. ಅಲ್ಲಿ ಇವುಗಳದೇ ಒಂದು ವಸ್ತುಸಂಗ್ರಹಾಲಯವಿದೆ. 1913ರಷ್ಟು ಹಳೆಯ, ಕಾರಿನ ಹಿಂದೆ ಕಟ್ಟಿ ಎಳೆಯುವ ಮರದ ಗೂಡೊಂದು ಅಲ್ಲಿ ಉಳಿದು ಬಂದಿದೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು, 1931ರ ಷೆವರ್ಲೆ ಛಾಸಿಯ ಮೇಲೆ ಕಟ್ಟಿದ ಒಂದು ಮನೆ. ನಟಿ ಮೇ ವೆಸ್ಟಳನ್ನು ನಾಟಕರಂಗದಿಂದ ಚಿತ್ರರಂಗಕ್ಕೆ ಒಲಿಸಿಕೊಳ್ಳಲು ಪ್ಯಾರಮೌಂಟ್ ಸಂಸ್ಥೆ ಮಾಡಿಸಿಕೊಟ್ಟದ್ದಂತೆ. ಹಿಂದೆ ಪುಟ್ಟದೊಂದು ಜಗಲಿ. ಆಕೆ ಅಲ್ಲಿ ತೂಗುಕುರ್ಚಿ ಹಾಕಿಕೊಂಡು ಕೂರುತ್ತಿದ್ದಳಂತೆ. ಒಬ್ಬಳಿಗಾಗಿ, ಅವಳ ಅಳತೆಗೆ, ಅವಳ ಮರ್ಜಿಗೆ ಕಟ್ಟಿದ ಮನೆ. ನನ್ನ ನಾದಿನಿ ಆ ಜಗಲಿಯನ್ನು ಬಹಳ ಹೊತ್ತು ನೋಡಿದಳು.

ಆದರೆ ಕಾಲ ಆ ಜಗಲಿಯನ್ನು ದಾಟಿ ಬಂದಿದೆ. ಅಯೋವಾ ರಾಜ್ಯದ ವಿನ್ನೆಬೇಗೊ ಕಂಪೆನಿ 1966ರಲ್ಲಿ ಮೋಟಾರು ಮನೆಗಳನ್ನು ಸರಪಳಿಸಾಲಿನಲ್ಲಿ ತಯಾರಿಸತೊಡಗಿ, ಅದುವರೆಗೆ ಸಿರಿವಂತರ ಸೊತ್ತಾಗಿದ್ದುದನ್ನು ಮಧ್ಯಮವರ್ಗದ ಅಂಗಳಕ್ಕೆ ತಂದಿತು. ಸಾಲಿನಲ್ಲಿ ತಯಾರಿಸಿದರೆ ಬೆಲೆ ಇಳಿಯುತ್ತದೆ. ಜೊತೆಗೆ ಗ್ರಾಹಕನ ಮಾತಿನ ಬೆಲೆಯೂ ಇಳಿಯುತ್ತದೆ. ಇದನ್ನು ನಾವು ಮಾರನೆಯ ದಿನ ಕಾರ್ಖಾನೆಯೊಂದರಲ್ಲಿ ಕಣ್ಣಾರೆ ಕಂಡೆವು.

ಬೆಳಕು ಹರಿಯುವ ಮುನ್ನವೇ ಅಲ್ಲಿ ಕೆಲಸ ಶುರುವಾಗಿತ್ತು. ಕೆಲಸಗಾರರಲ್ಲಿ ಅನೇಕರು ಆಮಿಷ್ ಪಂಥದವರು: ಸ್ವಂತಕ್ಕೆ ಕಾರು ಇಟ್ಟುಕೊಳ್ಳದ, ಇಂದಿಗೂ ಕುದುರೆಗಾಡಿಯಲ್ಲಿ ಓಡಾಡುವ ಜನ. ಗಡ್ಡಬಿಟ್ಟ ಆ ಗಂಭೀರ ಮುಖದವರು ತಾವೆಂದೂ ಓಡಿಸದ ವಾಹನಗಳನ್ನು ಅಷ್ಟು ಚುರುಕಾಗಿ ಕಟ್ಟುತ್ತಿದ್ದುದನ್ನು ಕಂಡು, ಕುಂಬಾರನಿಗೂ ಗಡಿಗೆಯ ಅಡಿಗೆಗೂ ಏನು ಸಂಬಂಧವೆಂದು ಸಮಾಧಾನ ಹೇಳಿಕೊಂಡೆ. ದಿನದ ಎಣಿಕೆ ಮುಗಿದರೆ ಮನೆಗೆ ಹೋಗಬಹುದೆಂಬ ಪದ್ಧತಿ ಆ ಸೀಮೆಯ ಅನೇಕ ಕಾರ್ಖಾನೆಗಳಲ್ಲಿದೆ. ಕೈಗಳ ಚುರುಕಿಗೆ ಅದೊಂದು ಕಾರಣ. ಬಿಗಿಮಾಡಲು ಮರೆತ ನಟ್ಟುಗಳಿಗೂ ಅದೇ ಕಾರಣವಿದ್ದೀತು.

ಆದರೆ ನಾನು ಹೋದದ್ದು ಗೋಡೆಯನ್ನು ನೋಡಲು. ಈ ಗೋಡೆಯನ್ನು ಕಟ್ಟುವುದಿಲ್ಲ, ಅಂಟಿಸುತ್ತಾರೆ. ಹಾಸಿದ ಮೇಜಿನ ಮೇಲೆ ಮೊದಲು ತೆಳುವಾದ ಪ್ಲೈವುಡ್ಡು. ಅದರ ಮೇಲೆ ಅಲ್ಯುಮಿನಿಯಂ ಕೊಳವೆಗಳ ಚೌಕಟ್ಟು. ಚೌಕಟ್ಟಿನ ಮನೆಗಳಲ್ಲಿ ನಾವು ಥರ್ಮೋಕೋಲ್ ಎನ್ನುವ ವಸ್ತುವಿನ ದಪ್ಪ ತುಂಡುಗಳು. ಮೇಲೆ ಮತ್ತೊಂದು ತೆಳು ಪ್ಲೈವುಡ್ಡು, ಕೊನೆಗೆ ಹೊರಮೈಯ ಫೈಬರ್ ಗ್ಲಾಸು. ಎಲ್ಲಕ್ಕೂ ಅಂಟು ಬಳಿದು ಒಟ್ಟಿಗೆ ಒತ್ತುತ್ತಾರೆ. ಮುಗಿದ ಗೋಡೆಯ ದಪ್ಪ ಎರಡು ಅಂಗುಲ ಮೀರದು. ಹಗುರ, ಬೆಚ್ಚಗೆ, ನುಣುಪು. ಕೈಯಿಂದ ತಟ್ಟಿದೆ. ಗಟ್ಟಿಯಾಗಿಯೇ ಕೇಳಿಸಿತು. ಆದರೆ ಆ ಅಲ್ಯುಮಿನಿಯಂ ಕೊಳವೆ ಇರುವುದು ಎಲ್ಲೋ ಒಂದೊಂದು ಕಡೆ. ಮಿಕ್ಕ ಜಾಗದಲ್ಲಿ ಸ್ಕ್ರೂ ತಿರುಗಿಸಿದರೆ ಅದು ಹಿಡಿಯುವುದು ಹಪ್ಪಳದಷ್ಟು ಪ್ಲೈವುಡ್ಡನ್ನು, ಅದರಾಚೆ ಥರ್ಮೋಕೋಲು. ಪಟವೊಂದನ್ನು ತೂಗುಹಾಕಬಹುದು. ಮಂಡಿ ಸೋತ ಹೆಂಗಸೊಬ್ಬಳು ತನ್ನ ಭಾರವನ್ನೆಲ್ಲ ಹಾಕಿ ಏಳಲು ಆತುಕೊಳ್ಳುವ ಗಂಬಿಯನ್ನು ಅಲ್ಲಿ ಹೂಡಿದರೆ, ಅದು ಹತ್ತು ಸಲ ನಿಂತು ಹನ್ನೊಂದನೆಯ ಸಲ ಕೈಗೆ ಬರುತ್ತದೆ.

ಗೋಡೆ ಹಿಡಿಯಬೇಕಾದ ಕಡೆ ಏನು ಮಾಡುತ್ತಾರೆ? ಅದನ್ನೂ ತೋರಿಸಿದರು. ಮೇಲಿನ ಕಪಾಟುಗಳು, ದೂರದರ್ಶನದ ಪೆಟ್ಟಿಗೆ ತೂಗುವ ಜಾಗಗಳಲ್ಲಿ ಥರ್ಮೋಕೋಲನ್ನು ಬಿಟ್ಟು ಆ ಅಳತೆಗೆ ಗಟ್ಟಿ ಹಲಗೆಯನ್ನೋ ತಗಡನ್ನೋ ಒಳಗಿಟ್ಟು ಅಂಟಿಸುತ್ತಾರೆ. ಆ ಹಲಗೆಯನ್ನು ಗೋಡೆ ಹುಟ್ಟುವ ಮೊದಲು ಇಡಬೇಕು. ಹುಟ್ಟಿದ ಮೇಲೆ ಇಡುವುದು ಯಾರಿಂದಲೂ ಆಗದು. ನನ್ನ ತೀರ್ಪು ಅಲ್ಲಿಯೇ ಮುಕ್ಕಾಲು ಪಾಲು ಮುಗಿದಿತ್ತು.

ಸರಿ, ಮಂಚದ ಪಕ್ಕದ ಗೋಡೆಯಲ್ಲಿ ಅಂಥ ಒಂದು ಹಲಗೆ ಇಟ್ಟುಕೊಡಿ ಎಂದು ತಮ್ಮ ಕೇಳಿದ. ಜೊತೆಗಿದ್ದ ಕಾರ್ಖಾನೆಯ ಅಧಿಕಾರಿ ಬಹು ವಿನಯದಿಂದ ಆಗದೆಂದ. ಅವರಲ್ಲೊಂದು ಆಯ್ಕೆಯ ಪಟ್ಟಿಯುಂಟು. ಅದರಲ್ಲಿ ಇದ್ದುದನ್ನು ಎಷ್ಟು ಬೇಕಾದರೂ ಗುರುತು ಹಾಕಬಹುದು, ಇಲ್ಲದ್ದನ್ನು ಒಂದು ಸಾಲೂ ಬರೆಯುವಂತಿಲ್ಲ. ಒಂದು ಗೋಡೆಗೆ ಬೇರೆ ನಕ್ಷೆಯೆಂದರೆ ಇಡೀ ಸಾಲು ನಿಲ್ಲಬೇಕು. ಗ್ರಾಹಕನ ಇಷ್ಟದಂತೆ ಕಟ್ಟುವ ಸಣ್ಣ ಕಾರ್ಖಾನೆಗಳೂ ಇವೆ. ಅವುಗಳ ಬೆಲೆ ತಮ್ಮನ ಕೈಗೆ ಮೀರಿದ್ದು. ಕಾರ್ಖಾನೆಗೆ ಬರೆಸುವುದೆಂದರೆ ನಮ್ಮ ಊರಿನ ಬಡಗಿಗೆ ಹೇಳಿ ಮಾಡಿಸಿದಂತೆ ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲ; ಹೋಟೆಲಿನ ತಿಂಡಿಯ ಪಟ್ಟಿಯಂತೆ. ಮಸಾಲೆ ದೋಸೆ ಉಂಟು, ಖಾಲಿ ದೋಸೆ ಉಂಟು. ಅರ್ಧ ಮಸಾಲೆ ಮಾತ್ರ ಇಲ್ಲ.

ಮರಳುವ ದಾರಿಯಲ್ಲಿ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಆದರೂ ಆ ಪಟ್ಟಿಯನ್ನು ನಾನು ಟೆಂಡರು ಓದುವಂತೆ ಎರಡು ರಾತ್ರಿ ಓದಿದೆ. ಲಿಥಿಯಂ ಬ್ಯಾಟರಿ, ಸೌರಫಲಕಗಳು ಅದರಲ್ಲಿ ಇದ್ದುವು. ಇವನ್ನು ಕಾರ್ಖಾನೆಯಲ್ಲಿಯೇ ಹಾಕಿಸಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ಸೀಸದ ಬ್ಯಾಟರಿಯನ್ನು ತೆಗೆದು ಆ ಗೂಡಿನಲ್ಲಿ ಲಿಥಿಯಂ ಬ್ಯಾಟರಿಯನ್ನು ಕೂರಿಸಿದರೆ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಅದರ ಆಹಾರವೇ ಬೇರೆ. ಅದಕ್ಕೆ ವಿದ್ಯುತ್ತು ತುಂಬುವ ಯಂತ್ರ ಅದರ ವೋಲ್ಟೇಜಿಗೆ ಹೊಂದಬೇಕು. ವಾಹನದ ಇಂಜಿನ್ನಿಗೆ ಜೋಡಿಸಿದ ಆಲ್ಟರ್ನೇಟರಿನಿಂದ ನೇರವಾಗಿ ಕುಡಿಸಿದರೆ ಅದು ಬಾಯಾರಿದ ಎತ್ತಿನಂತೆ ಒಂದೇ ಸಮನೆ ಹೀರಿ ಆಲ್ಟರ್ನೇಟರನ್ನು ಕಾಯಿಸಿಬಿಡುತ್ತದೆ. ನಡುವೆ ಅಳೆದು ಕೊಡುವ ಸಾಧನವೊಂದು ಬೇಕು. ನೀರು ಹೆಪ್ಪುಗಟ್ಟುವ ಶೈತ್ಯದಲ್ಲಿ ಅದನ್ನು ತುಂಬಿದರೆ ಒಳಗೆ ಶಾಶ್ವತವಾಗಿ ಕೆಡುತ್ತದೆ. ಆದ್ದರಿಂದ ಅದನ್ನು ಬೆಚ್ಚನೆಯ ಒಳಗೂಡಿನಲ್ಲಿಡಬೇಕು, ಇಲ್ಲವೆ ಕಾಯಿಸುವ ಏರ್ಪಾಡಿರಬೇಕು. ತಂತಿಗಳ ದಪ್ಪ, ಫ್ಯೂಸುಗಳು ಎಲ್ಲವೂ ಈ ಲೆಕ್ಕಕ್ಕೆ ಬದಲಾಗಬೇಕು. ಛಾಸಿಯ ಕಂಪೆನಿಯೂ ಬಾಡಿ ಕಟ್ಟುವವರಿಗಾಗಿ, ತನ್ನ ಚೌಕಟ್ಟನ್ನು ಎಲ್ಲಿ ಕೊರೆಯಬಹುದು, ತನ್ನ ವಿದ್ಯುತ್ತಿಗೆ ಎಲ್ಲಿ ಕೈಹಾಕಬಹುದು ಎಂಬ ಸೂಚನೆಗಳನ್ನು ಪ್ರಕಟಿಸಿರುತ್ತದೆ. ಇಷ್ಟನ್ನೂ ಬಲ್ಲ ಕೆಲಸಗಾರ ಡೀಲರನ ಷೆಡ್ಡಿನಲ್ಲಿ ಇರಬಹುದು. ಇದ್ದಾನೆಯೆ ಎಂಬುದು ಆ ಶೀತಪೆಟ್ಟಿಗೆಯೊಳಗಿನ ಔಷಧ ಕೆಟ್ಟ ಮೇಲೆ ತಿಳಿಯತಕ್ಕ ವಿಷಯವಲ್ಲ.

ತೂಕದ ಮಾತೊಂದನ್ನು ಬಿಡುವಂತಿಲ್ಲ. ಆ ಛಾಸಿ, ತನ್ನ ಭಾರವನ್ನೂ ಸೇರಿಸಿ, ಒಟ್ಟು 14,500 ಪೌಂಡು, ಎಂದರೆ ಸುಮಾರು 6,577 ಕಿಲೋಗ್ರಾಂ ಹೊರಬಹುದು. ಮನೆ ಕಟ್ಟಿ ಮುಗಿದ ಮೇಲೆ ಜನಕ್ಕೂ ಸಾಮಾನಿಗೂ ಎಷ್ಟು ಉಳಿಯಿತೆಂಬುದನ್ನು ಬಾಗಿಲ ಬಳಿಯ ಚೀಟಿಯಲ್ಲಿ ನಮೂದಿಸಬೇಕೆಂಬುದು ಅಲ್ಲಿನ ನಿಯಮ. ಕುಡಿಯುವ, ಮೀಯುವ ನೀರಿನ ತೊಟ್ಟಿ 40 ಗ್ಯಾಲನ್ನಿನದಾದರೆ ನೀರೊಂದೇ 151 ಕಿಲೋಗ್ರಾಂ ಆ ಉಳಿಕೆಯನ್ನು ತಿನ್ನುತ್ತದೆ. ಮಾರಾಟಕ್ಕೆ ಮುನ್ನ ಡೀಲರು ಸೇರಿಸಿದ ಸಾಮಾನಿನ ತೂಕ ಇಂಥ ವಾಹನದಲ್ಲಿ 100 ಪೌಂಡು ಮೀರಿದರೆ ಆ ಚೀಟಿಯನ್ನು ತಿದ್ದಬೇಕು. ತಮ್ಮನ ಡೀಲರನ ಮಾರಾಟಗಾರನಿಗೆ ಈ ನಿಯಮ ಗೊತ್ತಿತ್ತೆ? ನಾನು ಕೇಳಿದಾಗ ಅವನು ಚೀಟಿ ಎಲ್ಲಿದೆಯೆಂದು ಹುಡುಕಿದ. ನಮ್ಮ ದೇಶದಲ್ಲಂತೂ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ತೀರ್ಪಿತ್ತಿತು. ಅಮೆರಿಕನರು ಅಷ್ಟು ದೂರ ಹೋಗಿಲ್ಲ; ಬರೆದು ಅಂಟಿಸಿ, ಆಮೇಲೆ ನಿಮ್ಮಿಷ್ಟ ಎನ್ನುತ್ತಾರೆ.

ಇನ್ನು ಉಳಿದದ್ದು ಹಿಡಿಗಂಬಿ. ಇದಕ್ಕೆ ದಾರಿ ತೋರಿಸಿದವನು ನಾನಲ್ಲ, ಕಾರ್ಖಾನೆಯವರೂ ಅಲ್ಲ. ಡೀಲರನ ಷೆಡ್ಡಿನ ಹಿಂಭಾಗದಲ್ಲಿ ಕೆಲಸ ಮಾಡುತ್ತಿದ್ದ, ಅರವತ್ತು ಸಮೀಪಿಸಿದ ಮೇಸ್ತ್ರಿಯೊಬ್ಬ. ಮಾರಾಟದವರ ಹೊಳೆಯುವ ಕೋಣೆಯನ್ನು ಬಿಟ್ಟು ನಾವು ಅವನಲ್ಲಿಗೆ ಹೋದದ್ದು ನನ್ನ ಹಳೆಯ ಅಭ್ಯಾಸದ ಫಲ. ಕಟ್ಟಡದ ನಿಜಸ್ಥಿತಿ ಗುತ್ತಿಗೆದಾರನಿಗಿಂತ ಮೇಸ್ತ್ರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆತ ನಾದಿನಿಯನ್ನು ಅಂಗಳದ ವಾಹನದೊಳಕ್ಕೆ ಕರೆದೊಯ್ದು ಮಂಚದ ಮೇಲೆ ಕೂರಿಸಿ, "ಏಳುವಾಗ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ, ತೋರಿಸಿ" ಎಂದ. ಅವಳ ಕೈ ಗೋಡೆಯ ಒಂದು ಕಡೆಗೆ ಹೋಯಿತು. ಸೀಸದ ಕಡ್ಡಿಯಿಂದ ಅಲ್ಲಿ ಗುರುತು ಮಾಡಿದ. ಅದುವರೆಗೆ ಗಂಬಿಯ ವಿಷಯ ಹತ್ತು ಜನ ಹತ್ತು ಮಾತಾಡಿದ್ದೆವು, ಅವಳ ಕೈಯನ್ನು ಕೇಳಿದವರು ಯಾರೂ ಇರಲಿಲ್ಲ. ನಾಚಿಕೆಯಾಯಿತು.

ಆಮೇಲೆ ಆಯ್ಕೆಯ ಪಟ್ಟಿಯನ್ನು ತರಿಸಿ, ಮಲಗುವ ಕೋಣೆಗೆ ಎರಡನೆಯ ದೂರದರ್ಶನ ಎಂಬ ಬಾಬಿನ ಮೇಲೆ ಬೆರಳಿಟ್ಟ. "ಇದನ್ನು ಬರೆಸಿ. ಪೆಟ್ಟಿಗೆ ಬೇಕಾಗಿಲ್ಲ. ಆದರೆ ಇದನ್ನು ಬರೆಸಿದರೆ ಗೋಡೆಯೊಳಗೆ ಹಲಗೆ ಬರುತ್ತದೆ. ಹಲಗೆ ಬರುವ ಜಾಗ ನಿಮ್ಮ ಗುರುತಿಗೆ ನಾಲ್ಕೇ ಅಂಗುಲ ಆಚೆ." ಬಚ್ಚಲಿನದು ಇನ್ನೂ ಸುಲಭ ಎಂದ. ಬಚ್ಚಲಿಗೂ ಬಟ್ಟೆಯ ಕಪಾಟಿಗೂ ನಡುವೆ ಇರುವುದು ಹೊರಗೋಡೆಯಲ್ಲ, ಮರದ ತಡಿಕೆ. ಎರಡು ಮಗ್ಗುಲೂ ಕೈಗೆ ಸಿಗುತ್ತವೆ. ಕಪಾಟಿನ ಕಡೆಯಿಂದ ಉಕ್ಕಿನ ಪಟ್ಟಿ ಕೊಟ್ಟು ಆರಪಾರ ಬೋಲ್ಟು ಹಾಕಿದರೆ ಆನೆ ಜಗ್ಗಿದರೂ ಬಾರದು. ಮಳೆಯ ನೀರಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ತಾನೇ, ಕಾರ್ಖಾನೆಯಿಂದ ವಾಹನ ಬಂದ ಮೇಲೆ, ಅರ್ಧ ದಿನದಲ್ಲಿ ಮಾಡಿಕೊಡುವೆನೆಂದ.

ಅಕ್ಟೋಬರಿನ ಮೊದಲ ವಾರ ಕಾರ್ಖಾನೆಗೆ ಬರೆಸಿದೆವು. ನನ್ನ ಒತ್ತಾಯದಿಂದ ತಮ್ಮ ಒಂದು ಕಾಗದ ಮಾಡಿಸಿಕೊಂಡ: ಯಾವ ಯಾವ ಬಾಬು ಯಾರು ಹಾಕಿದ್ದು, ಕೆಟ್ಟರೆ ಯಾರು ಸರಿಪಡಿಸತಕ್ಕದ್ದು, ಎಷ್ಟು ಕಾಲ. ಡೀಲರು ಸಹಿ ಹಾಕಲು ಎರಡು ದಿನ ತೆಗೆದುಕೊಂಡ. ನಾನು ನವೆಂಬರಿನಲ್ಲಿ ಊರಿಗೆ ಮರಳಿದೆ.

ಏಪ್ರಿಲಿಗೆ ಬರುವುದೆಂದಿದ್ದರು. ಫೆಬ್ರವರಿಯಲ್ಲಿ ಅವಳ ಕಾಯಿಲೆ ಕೆರಳಿ ಮೂರು ವಾರ ಹಾಸಿಗೆ ಹಿಡಿದಳು. ಒಂದು ರಾತ್ರಿ ತಮ್ಮ ಫೋನಿನಲ್ಲಿ, "ಆವತ್ತು ಅಂಗಳದಲ್ಲಿದ್ದುದನ್ನು ತಂದಿದ್ದರೆ ಇಷ್ಟರಲ್ಲಿ ಫ್ಲಾರಿಡಾದ ಬಿಸಿಲಿನಲ್ಲಿರುತ್ತಿದ್ದಳು, ಅಣ್ಣ" ಎಂದ. ಕೋಪದಿಂದ ಹೇಳಲಿಲ್ಲ. ನನಗೆ ಉತ್ತರ ತಿಳಿಯಲಿಲ್ಲ. ಗೋಡೆಯ ಪದರ, ಹಲಗೆ, ತಂತಿ, ತೂಕ ಎಂದು ಅಷ್ಟೆಲ್ಲ ಲೆಕ್ಕ ಹಾಕಿದವನು ಅವಳ ಒಂದು ಚಳಿಗಾಲವನ್ನು ಯಾವ ಕಾಲಮ್ಮಿನಲ್ಲಿ ಬರೆದಿದ್ದೆ? ಬರೆದಿರಲಿಲ್ಲ. ಆ ಪ್ರಶ್ನೆ ನನ್ನಲ್ಲಿ ಇನ್ನೂ ಪೂರ್ತಿ ತೀರಿಲ್ಲ.

ವಾಹನ ಬಂದದ್ದು ಜೂನಿನಲ್ಲಿ. ಕಾರ್ಖಾನೆಯಿಂದ ಬಂದದ್ದೆಂದು ದೋಷರಹಿತವಾಗಿರಲಿಲ್ಲ; ಬಚ್ಚಲಿನ ಕೆಳಗೆ ಕೊಳವೆಯ ಒಂದು ಕೀಲು ಸಡಿಲವಾಗಿತ್ತು, ಕಪಾಟಿನ ಒಂದು ಬಾಗಿಲು ತಿರುವುಗಳಲ್ಲಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಆದರೆ ದೂರು ಹೇಳಲು ಒಂದೇ ಬಾಗಿಲು ತಟ್ಟಿದರೆ ಸಾಕಾಯಿತು. ಮೇಸ್ತ್ರಿ ಗೋಡೆಯನ್ನು ಬೆರಳಿನಿಂದ ತಟ್ಟುತ್ತ ಹೋಗಿ ಹಲಗೆಯ ಅಂಚನ್ನು ಕಂಡುಹಿಡಿದು ಗಂಬಿ ಹೂಡಿದ. ಬಚ್ಚಲಿನದನ್ನೂ ಮುಗಿಸಿದ. ಅವಳನ್ನು ಕರೆದು, ಮೂರು ಸಲ ಕೂತು ಏಳಿ ಎಂದನಂತೆ.

ಆಗಸ್ಟಿನ ಒಂದು ಸಂಜೆ ಸುಪೀರಿಯರ್ ಸರೋವರದ ದಂಡೆಯಿಂದ ಅವಳು ಫೋನು ಮಾಡಿದಳು. ನನಗಾಗ ಬೆಳಗಿನ ಕಾಫಿಯ ಹೊತ್ತು. ನೀರು ಎಷ್ಟು ದೊಡ್ಡದಿದೆ, ಹೇಗೆ ಸಮುದ್ರದಂತೆ ಅಲೆ ಏಳುತ್ತದೆ ಎಂದೆಲ್ಲ ಹೇಳಿದಳು. ಗಂಬಿ ಹೇಗಿದೆಯಮ್ಮ ಎಂದು ಕೇಳಿದೆ. ಹಿಂದಿನಿಂದ ತಮ್ಮನ ಗೊಣಗು ಕೇಳಿಸಿತು: ದೂರದರ್ಶನ ಇರಬೇಕಾದ ಜಾಗದಲ್ಲಿ ಇವಳು ಒದ್ದೆ ಟವಲು ಒಣಗಿಸುತ್ತಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದು.